ಘಾಟಿ ಇಳಿಯುವಾಗ ಸ್ಟೇರಿಂಗ್ ನಡುಗುತ್ತದೆ: ಬ್ರೇಕ್ ಪ್ಯಾಡ್, ಡಿಸ್ಕ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ಸರ್, ನಾಪೋಕ್ಲು ಹತ್ತಿರ ನಮ್ಮ ಕಾಫಿ ತೋಟ. 2015ರ ಪೆಟ್ರೋಲ್ ಸ್ವಿಫ್ಟ್ ಇದೆ, 72,000 ಕಿಲೋಮೀಟರ್ ಓಡಿದೆ. ಅಮ್ಮನ ಚಿಕಿತ್ಸೆಗೆ ಆಗಾಗ ಮಂಗಳೂರಿಗೆ ಹೋಗುತ್ತೇವೆ. ಮದೆನಾಡು ದಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಮಳೆಗಾಲದಲ್ಲಿ ಬೆಳಿಗ್ಗೆ ಗಾಡಿ ತೆಗೆಯುವಾಗ ಚಕ್ರದಿಂದ ಕರಕರ ಸದ್ದು. ಗ್ಯಾರೇಜಿನವರು ನೋಡಿ, 'ಡಿಸ್ಕ್ ಬೆಂಡಾಗಿದೆ, ಮುಂದಿನ ಎರಡೂ ಡಿಸ್ಕ್, ಪ್ಯಾಡ್ ಎಲ್ಲ ಹೊಸದು ಹಾಕಬೇಕು' ಅಂದರು. ಒಂಬತ್ತು ಸಾವಿರ ಹೇಳಿದರು. ಆನ್‌ಲೈನಿನಲ್ಲಿ ತರಿಸಿ ನಾವೇ ಹಾಕೋಣ, ವಿಡಿಯೊ ನೋಡಿದರೆ ಸಾಕು ಅಂತ ನನ್ನ ಭಾವ ಹೇಳುತ್ತಾರೆ. ಟೂಲ್ಸ್ ಇದೆ, ಟಿಲ್ಲರ್, ಜೀಪಿನ ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಅಂಗಳ ಇಳಿಜಾರು, ಸಪಾಟು ಜಾಗ ಅಂದರೆ ಕಾಫಿ ಕಣ ಮಾತ್ರ. ಮಾಡಬಹುದಾ? ಅಪ್ಪ ಗಾಡಿ ಓಡಿಸುವಾಗ ಪೆಟ್ರೋಲ್ ಉಳಿಯುತ್ತದೆ ಅಂತ ಘಾಟಿಯಲ್ಲಿ ನ್ಯೂಟ್ರಲ್ ಹಾಕುತ್ತಾರೆ, ಅದರಿಂದ ತೊಂದರೆ ಇಲ್ಲ ತಾನೆ? ಇನ್ನೊಂದು ವಿಷಯ, ಹೋದ ಸಲ ಸಂಪಾಜೆಯಲ್ಲಿ ಕಾಫಿಗೆ ನಿಲ್ಲಿಸಿ ಮತ್ತೆ ಹೊರಟಾಗ ಬ್ರೇಕ್ ಪೆಡಲ್ ಒಮ್ಮೆ ಜಾಸ್ತಿ ಕೆಳಗೆ ಹೋಯಿತು. ಎರಡು ಮೂರು ಸಲ ಒತ್ತಿದ ಮೇಲೆ ಸರಿಯಾಯಿತು.

ಉತ್ತರ: ನೀವು ಕೇಳಿದ್ದು ಪ್ಯಾಡ್, ಡಿಸ್ಕ್ ಮನೆಯಲ್ಲಿ ಹಾಕಬಹುದಾ ಅಂತ. ಹಾಕಬಹುದು. ಟಿಲ್ಲರ್ ಬಿಚ್ಚಿ ಕಟ್ಟುವವರಿಗೆ ಅದು ಕಷ್ಟದ ಕೆಲಸ ಅಲ್ಲ. ಆದರೆ ಪತ್ರದ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದ ಆ ಪೆಡಲ್ ವಿಷಯ ಇದೆಯಲ್ಲ, ನನಗೆ ಭಯ ಆಗಿದ್ದು ಅದನ್ನು ಓದಿ. ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದರೂ ಅದು ಸರಿಹೋಗುವುದಿಲ್ಲ. ಅದು ಬ್ರೇಕ್ ಆಯಿಲ್ ಕುದ್ದ ಲಕ್ಷಣ. ಆಯಿಲ್ ಬದಲಿಸುವ ತನಕ ಸಂಪಾಜೆ ಘಾಟಿ ಇಳಿಯಬೇಡಿ. ಅಮ್ಮನನ್ನು ಕರೆದುಕೊಂಡು ಹೋಗಲೇಬೇಕು ಅಂದರೆ ಈ ಸಲಕ್ಕೆ ಬೇರೆ ಗಾಡಿ ಮಾಡಿಕೊಳ್ಳಿ.

ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಗ್ಯಾರೇಜಿನವರು ಮೂರಕ್ಕೂ ಒಂದೇ ಔಷಧಿ ಬರೆದುಬಿಟ್ಟಿದ್ದಾರೆ.

ಬೆಳಿಗ್ಗೆಯ ಕರಕರ ಸದ್ದಿನ ಬಗ್ಗೆ ಚಿಂತೆ ಬೇಡ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಬಿಲ್ಲೆ, ಬ್ರೇಕ್ ಒತ್ತಿದಾಗ ಎರಡು ಪ್ಯಾಡ್ ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ಡಿಸ್ಕ್ ಬೀಡಿನದ್ದು, ಅಂದರೆ ಎರಕದ ಕಬ್ಬಿಣ. ಮೇಲೆ ಬಣ್ಣ ಇಲ್ಲ, ಎಣ್ಣೆ ಇಲ್ಲ. ನಿಮ್ಮ ಕಡೆಯ ಜುಲೈ ಮಳೆಯಲ್ಲಿ ರಾತ್ರಿ ನಿಂತ ಗಾಡಿಯ ಡಿಸ್ಕ್ ಬೆಳಗಾಗುವಷ್ಟರಲ್ಲಿ ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ. ನಾಲ್ಕೈದು ಸಲ ಬ್ರೇಕ್ ಒತ್ತಿದರೆ ತುಕ್ಕು ಉಜ್ಜಿ ಹೋಗುತ್ತದೆ, ಸದ್ದೂ ನಿಲ್ಲುತ್ತದೆ. ಗೇಟು ದಾಟಿ ಮುಖ್ಯ ರಸ್ತೆಗೆ ಬಂದ ಮೇಲೂ ಸದ್ದು ನಿಲ್ಲದಿದ್ದರೆ, ಇಲ್ಲಾ ಬ್ರೇಕ್ ಒತ್ತದಿದ್ದಾಗಲೂ ಕೀರಲು ಸದ್ದು ಬರುತ್ತಿದ್ದರೆ ಮಾತ್ರ ನೋಡಬೇಕು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀರಲಿ ಅಂತಲೇ ಇಟ್ಟಿರುತ್ತಾರೆ.

ಉಳಿದ ಎರಡು, ಅಂದರೆ ನಡುಕ ಮತ್ತು ಪೆಡಲ್, ಇವೆರಡರ ಮೂಲ ಒಂದೇ ಅಂತ ನನ್ನ ಅನುಮಾನ. ಅದು ನಿಮ್ಮ ಅಪ್ಪನ ನ್ಯೂಟ್ರಲ್. ಅವರಿಗೆ ಬೇಜಾರಾಗದ ಹಾಗೆ ನೀವೇ ಹೇಳಿ.

ಶಾಖದ ಲೆಕ್ಕ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುಳ್ಯದ ಹೊತ್ತಿಗೆ ನೀವು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಕೆಳಗೆ ಇಳಿದಿರುತ್ತೀರಿ. ಜನ, ಸಾಮಾನು ಎಲ್ಲ ಸೇರಿ 1,200 ಕೆಜಿ ತೂಗುವ ಕಾರು ಅಷ್ಟು ಇಳಿದರೆ ಬಿಡುಗಡೆ ಆಗುವ ಶಕ್ತಿ ಸುಮಾರು ಮೂರು ಯೂನಿಟ್ ಕರೆಂಟಿನಷ್ಟು. ಒಂದು ಕಿಲೋವ್ಯಾಟಿನ ಹೀಟರ್ ಮೂರು ಗಂಟೆ ಉರಿದ ಹಾಗೆ. ಇದರಲ್ಲಿ ಸ್ವಲ್ಪ ಗಾಳಿಗೆ, ಟೈರಿಗೆ ಹೋಗುತ್ತದೆ. ಗೇರಿನಲ್ಲಿದ್ದರೆ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಅಷ್ಟೂ ಶಾಖ ಬ್ರೇಕಿನ ಮೇಲೆ, ಅದರಲ್ಲೂ ಮುಂದಿನ ಎರಡು ಡಿಸ್ಕ್ ಮೇಲೆ ಬೀಳುತ್ತದೆ. ಮದೆನಾಡು ದಾಟಿ ಇಳಿಯುವಾಗ ನಿಮಗೆ ಬರುವ ಸುಟ್ಟ ವಾಸನೆ ಅದೇ. ಪ್ಯಾಡಿನೊಳಗಿನ ಅಂಟು ಬೇಯುವ ವಾಸನೆ.

ಇನ್ನು ಪೆಟ್ರೋಲ್ ಉಳಿತಾಯ. ಕಾರ್ಬುರೇಟರ್ ಇದ್ದ ಕಾಲದಲ್ಲಿ ಆ ಮಾತಿಗೆ ಸ್ವಲ್ಪ ಅರ್ಥ ಇತ್ತು. ನಿಮ್ಮದು ಇಂಜೆಕ್ಷನ್ ಎಂಜಿನ್. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಕಂಪ್ಯೂಟರ್ ಪೆಟ್ರೋಲ್ ಹೋಗುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಐಡಲ್‌ನಲ್ಲಿ ಓಡಬೇಕು, ಅದಕ್ಕೆ ಪೆಟ್ರೋಲ್ ಬೇಕು. ಅಂದರೆ ನ್ಯೂಟ್ರಲ್‌ನಲ್ಲಿ ಖರ್ಚೇ ಜಾಸ್ತಿ. ಕೀಲಿ ಆಫ್ ಮಾಡಿ ಇಳಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಒಂದೆರಡು ಒತ್ತಿಗೆ ಖಾಲಿ, ಸ್ಟೇರಿಂಗೂ ಕಲ್ಲಾಗುತ್ತದೆ. ಅದರ ಬಗ್ಗೆ ಇನ್ನು ಹೇಳುವುದೇನೂ ಇಲ್ಲ.

ಡಿಸ್ಕ್ ನಿಜಕ್ಕೂ 'ಬೆಂಡ್' ಆಗಿದೆಯಾ?

ಗ್ಯಾರೇಜುಗಳಲ್ಲಿ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಬೆಂಡು ಅಂತ ಹೇಳುವುದು ರೂಢಿ. ನಾನು ಬಿಚ್ಚಿ ಅಳೆದು ನೋಡಿದವುಗಳಲ್ಲಿ ನಿಜಕ್ಕೂ ಬಾಗಿದ ಡಿಸ್ಕ್ ಬಹಳ ಅಪರೂಪ. ಹೆಚ್ಚಿನವುಗಳಲ್ಲಿ ಆಗಿರುವುದು ಬೇರೆ. ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೇ ಎರಡು ಮೂರು ಭಾಗ ಇದ್ದರೂ ಕೈಗೆ ನಡುಕ ಗೊತ್ತಾಗುತ್ತದೆ.

ಇದು ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು, ಡಿಸ್ಕ್ ಮತ್ತು ಚಕ್ರವನ್ನು ಹೊತ್ತು ತಿರುಗುವ ನಡುಭಾಗ, ಅಂದರೆ ಹಬ್ಬಿನ ಮುಖದಲ್ಲಿ ತುಕ್ಕಿನ ಪದರ ಇದ್ದು ಡಿಸ್ಕ್ ನೇರವಾಗಿ ಕೂತಿರುವುದಿಲ್ಲ. ಪ್ರತಿ ಸುತ್ತಿಗೂ ಒಂದೇ ಜಾಗ ಪ್ಯಾಡಿಗೆ ತಾಗಿ ತಾಗಿ ಅಲ್ಲಿ ಸವೆಯುತ್ತದೆ. ಇನ್ನೊಂದು ನಿಮ್ಮ ವಿಷಯಕ್ಕೆ ಹತ್ತಿರದ್ದು. ಘಾಟಿ ಇಳಿದು ಡಿಸ್ಕ್ ಕೆಂಡದ ಹಾಗಿರುವಾಗ ಗಾಡಿ ನಿಲ್ಲಿಸಿ ಬ್ರೇಕ್ ಮೇಲೆ ಕಾಲು ಒತ್ತಿಯೇ ಇಟ್ಟುಕೊಂಡರೆ, ಪ್ಯಾಡಿನ ವಸ್ತು ಆ ಒಂದು ಜಾಗದಲ್ಲಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಚಕ್ರ ಬಿಚ್ಚಿ ನೋಡಿದರೆ ಪ್ಯಾಡಿನ ಆಕಾರದ ಮಸುಕಾದ ಕಪ್ಪು ಗುರುತು ಕೆಲವೊಮ್ಮೆ ಕಣ್ಣಿಗೇ ಕಾಣುತ್ತದೆ. ಇಳಿಜಾರಿನಲ್ಲಿ ಟ್ರಾಫಿಕ್ ನಿಂತಾಗ, ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಮಾತಾಡುತ್ತಾ ಕೂತಾಗ ಹೀಗಾಗುತ್ತದೆ.

ಪೆಡಲ್ ಕೆಳಗೆ ಹೋಗಿದ್ದೂ ಅಲ್ಲೇ ನೋಡಿ, ಸಂಪಾಜೆಯಲ್ಲಿ, ನಿಂತು ಹೊರಟ ಮೇಲೆ. ಓಡುವಾಗ ಡಿಸ್ಕಿಗೆ ಗಾಳಿ ಬಡಿಯುತ್ತಿರುತ್ತದೆ. ನಿಂತ ತಕ್ಷಣ ಗಾಳಿ ಇಲ್ಲ. ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ನಿಧಾನಕ್ಕೆ ಇಳಿಯುತ್ತದೆ. ನೀವು ಕಾಫಿ ಕುಡಿಯುತ್ತಿದ್ದಾಗ ಪಿಸ್ಟನ್, ಪ್ಯಾಡ್ ಕೂತಿರುವ ಕ್ಯಾಲಿಪರ್ ಒಳಗೆ ಆಯಿಲ್ ಕುದಿಯುತ್ತಿತ್ತು. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಹಾಗಾಗಿ ಪೆಡಲ್ ಗಟ್ಟಿ ಇರುತ್ತದೆ. ಆವಿ ಕುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವ. ಅದಕ್ಕೇ ಆಮೇಲೆ ಗ್ಯಾರೇಜಿನಲ್ಲಿ ಒತ್ತಿ ನೋಡಿದಾಗ ಎಲ್ಲ ಸರಿಯಾಗಿಯೇ ಇರುತ್ತದೆ.

ಬ್ರೇಕ್ ಆಯಿಲ್ ನೀರು ಹೀರುತ್ತದೆ, ಅದರ ಗುಣವೇ ಹಾಗೆ. ರಬ್ಬರ್ ಹೋಸ್ ಮೂಲಕ, ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯ ಮುಚ್ಚಳದ ಮೂಲಕ ಗಾಳಿಯ ತೇವ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲಿನ ದರ್ಜೆಗಳಲ್ಲಿ ಡಾಟ್ 3 ಅನ್ನುವುದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ಡಾಟ್ 4 ಆದರೆ 230. ಶೇಕಡಾ ನಾಲ್ಕಕ್ಕೆ ಹತ್ತಿರದಷ್ಟು ನೀರು ಸೇರಿದರೆ ಆ ಮಟ್ಟ 140ಕ್ಕೂ 155ಕ್ಕೂ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳು ಬಟ್ಟೆಯೇ ಒಣಗದ ಊರಿನಲ್ಲಿ ಅದನ್ನು ದಾಟಿಸಬೇಡಿ. ಡಬ್ಬಿಯಲ್ಲಿ ಮಟ್ಟ ಸರಿ ಇದೆ ಅಂದ ಮಾತ್ರಕ್ಕೆ ಆಯಿಲ್ ಸರಿ ಇದೆ ಅಂತ ಅಲ್ಲ. ನಿಮ್ಮ ಗಾಡಿಯಲ್ಲಿ ಕೊನೆಯ ಸಲ ಯಾವಾಗ ಬದಲಾಗಿದೆ ಅಂತ ಬಿಲ್ ಹುಡುಕಿ. ಸಿಗಲಿಲ್ಲ ಅಂದರೆ ಬದಲಾಗಿಲ್ಲ ಅಂತಲೇ ತಿಳಿದುಕೊಳ್ಳಿ.

ದುಡ್ಡು ಕೊಡುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಡಿಸ್ಕ್ ಆರ್ಡರ್ ಮಾಡುವ ಮುಂಚೆ ಎರಡೂ ಮುಂದಿನ ಚಕ್ರ ಬಿಚ್ಚಿ ನೋಡಿ. ಇದಕ್ಕೆ ಕಾಫಿ ಕಣ ಒಳ್ಳೆಯ ಜಾಗ. ಸಿಮೆಂಟ್ ಹಾಕಿದ್ದು, ಸಪಾಟು. ಆದರೂ ನೀರು ಹರಿಯಲಿ ಅಂತ ಕಣಕ್ಕೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ, ನೆನಪಿರಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ್ದರೆ ಉಜ್ಜಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಜಾಕ್ ಜಾರುತ್ತದೆ. ಹಳೆಯ ಕಣದ ಸಿಮೆಂಟ್ ತೆಳುವಾಗಿದ್ದರೆ ಜಾಕ್ ಕೆಳಗೆ ದಪ್ಪ ಹಲಗೆ ಇಡಿ. ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರಿಗೆ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಸಿಲ್ವರ್ ಓಕ್ ದಿಮ್ಮಿಯ ತುಂಡು ತೋಟದಲ್ಲಿ ಬೇಕಾದಷ್ಟು ಸಿಗುತ್ತದೆ. ಚಕ್ರಕ್ಕೆ ಅಡ್ಡ ಕೊಡಲು ಅದು ಸರಿ, ಗಾಡಿಯನ್ನು ಅದರ ಮೇಲೆ ನಿಲ್ಲಿಸಲು ಅಲ್ಲ. ಗಾಡಿ ನಿಲ್ಲಬೇಕಾದ್ದು ಜಾಕ್ ಸ್ಟ್ಯಾಂಡ್ ಮೇಲೆ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಸಿಮೆಂಟ್ ಇಟ್ಟಿಗೆ ಅಂತೂ ಬೇಡವೇ ಬೇಡ, ಒಮ್ಮೆಲೇ ಒಡೆಯುತ್ತದೆ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಪಟ್ಟಿಯಡಿ ತಳ್ಳಿಡಿ. ಸ್ಟ್ಯಾಂಡ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಮಳೆ ಬಿಟ್ಟ ಒಂದು ಬೆಳಿಗ್ಗೆ ನೋಡಿಕೊಳ್ಳಿ. ಆಷಾಢದಲ್ಲಿ ಚಕ್ರದ ಪಕ್ಕ ಅರ್ಧ ಗಂಟೆ ಕೂತರೆ ಕೆಲಸ ಕಲಿಯಲು ಜಿಗಣೆಗಳೂ ಬರುತ್ತವೆ.

ಮೊದಲು ಪ್ಯಾಡ್ ನೋಡಿ. ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸಾಧಾರಣ 10 ಮಿಲಿಮೀಟರ್ ಆಸುಪಾಸು ಇರುತ್ತದೆ. 3 ಮಿಲಿಮೀಟರಿಗೆ ಬಂದರೆ ಬದಲಿಸಿ. ಕ್ಯಾಲಿಪರ್ ಕಿಂಡಿಯಿಂದ ಹೊರಗಿನ ಪ್ಯಾಡ್ ಸುಲಭವಾಗಿ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಅದಕ್ಕೇ ಅನೇಕರು ಹೊರಗಿನದು ನೋಡಿ ಸುಮ್ಮನಾಗುತ್ತಾರೆ. ಕೆಳಗಿನ ಬೋಲ್ಟ್ ಬಿಚ್ಚಿ, ಕ್ಯಾಲಿಪರ್ ಮೇಲಕ್ಕೆತ್ತಿ ಎರಡನ್ನೂ ಹೊರಗೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಒಳಗಿನದು ತೆಳು, ಹೊರಗಿನದು ದಪ್ಪ ಅಂತಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಹಿಡಿದುಕೊಂಡಿವೆ. ತೋಟದ ಗಾಡಿಗಳಲ್ಲಿ ಇದು ಮಾಮೂಲು. ಕೆಂಪು ಮಣ್ಣಿನ ಕೆಸರು ಪಿನ್ನಿನ ರಬ್ಬರ್ ಬೂಟಿನ ಸುತ್ತ ಮೆತ್ತಿ, ಬಿಸಿಗೆ ಗಟ್ಟಿಯಾಗಿ, ರಬ್ಬರ್ ಹರಿಯುತ್ತದೆ. ಆಮೇಲೆ ನೀರು ಒಳಗೆ, ತುಕ್ಕು ಶುರು. ಪಿನ್ ಹಿಡಿದರೆ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಸಮತಟ್ಟು ರಸ್ತೆಯಲ್ಲೂ ಉಜ್ಜುತ್ತಲೇ ಇರುತ್ತದೆ. ಅಂಥ ಗಾಡಿ ಘಾಟಿಗೆ ಬರುವಾಗಲೇ ಬಿಸಿಯಾಗಿರುತ್ತದೆ.

ಪಿನ್ ಎರಡನ್ನೂ ಕೈಯಲ್ಲಿ ಎಳೆದು ನೋಡಿ. ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಗಾಳಿ ಒತ್ತಡಕ್ಕೆ ಸ್ವಲ್ಪ ಹೊರಗೆ ಬರಬೇಕು. ಪಾನಾ ಹಾಕಿ ತಿರುಗಿಸಿದರೆ ಮಾತ್ರ ಅಲ್ಲಾಡುತ್ತದೆ ಅಂದರೆ ನಿಮ್ಮ ರೋಗದ ಅರ್ಧ ಅಲ್ಲೇ ಸಿಕ್ಕಿತು. ತೆಗೆದು ಒರೆಸಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಟಿಲ್ಲರಿಗೆ ಹಾಕುವ ಗ್ರೀಸ್ ಬೇಡ, ರಬ್ಬರ್ ಊದಿಕೊಂಡು ಪಿನ್ ಮೊದಲಿಗಿಂತ ಜಾಸ್ತಿ ಹಿಡಿಯುತ್ತದೆ. ಬೂಟ್ ಹರಿದಿದ್ದರೆ ಬೂಟ್ ಕಿಟ್ ಹಾಕಿ, ಅದೇನೂ ದುಬಾರಿ ಅಲ್ಲ.

ಆಮೇಲೆ ಡಿಸ್ಕ್. ಅದರ ಮೇಲೇ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೊರೆದಿರುತ್ತಾರೆ, ಹಬ್ ಭಾಗದಲ್ಲೋ ಅಂಚಿನಲ್ಲೋ. ತುಕ್ಕು ಕೆರೆದು ಹುಡುಕಬೇಕು. ಅಳೆಯುವಾಗ ಒಂದು ಎಡವಟ್ಟು ಆಗುತ್ತದೆ. ಪ್ಯಾಡ್ ತಾಗದ ಹೊರ ಅಂಚಿನಲ್ಲಿ ಏಣು ಎದ್ದಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಆ ಏಣಿನ ಮೇಲೆ ಕೂತು ದಪ್ಪ ಜಾಸ್ತಿ ತೋರಿಸುತ್ತದೆ. ಅದಕ್ಕೆ ಡಿಸ್ಕಿನ ಎರಡೂ ಮುಖದ ಮೇಲೆ ಏಣಿನ ಒಳಗಡೆ ಒಂದೊಂದು ರೂಪಾಯಿ ನಾಣ್ಯ ಇಟ್ಟು, ನಾಣ್ಯದ ಮೇಲಿಂದ ಅಳೆಯಿರಿ. ಆಮೇಲೆ ಎರಡು ನಾಣ್ಯದ ದಪ್ಪ ಕಳೆಯಿರಿ. ಸುತ್ತ ಏಳೆಂಟು ಜಾಗದಲ್ಲಿ ಅಳೆದು ಬರೆದುಕೊಳ್ಳಿ. ಕೊರೆದ ಸಂಖ್ಯೆಗಿಂತ ಕಡಿಮೆ ಇದ್ದರೆ, ಬಿರುಕು ಕಂಡರೆ, ಡಿಸ್ಕ್ ಬದಲಿಸಲೇಬೇಕು, ಅಲ್ಲಿ ಚೌಕಾಸಿ ಇಲ್ಲ. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗೆರೆ ಇದ್ದರೂ ಬದಲಿಸಿ ಅಂತಲೇ ಹೇಳುತ್ತೇನೆ. ನೀಲಿ ಮಚ್ಚೆ ಬಿದ್ದಿದ್ದರೆ ಅದು ಅತಿ ಬಿಸಿಯಾದ ಗುರುತು. ಇವೇನೂ ಇಲ್ಲ, ದಪ್ಪ ಸಾಕಷ್ಟಿದೆ, ಬರೀ ಕಪ್ಪು ಗುರುತು ಇದೆ ಅಂದರೆ ಡಿಸ್ಕ್ ಉಳಿಯುವ ಸಾಧ್ಯತೆ ಇದೆ. ಎಮರಿ ಪೇಪರಿನಲ್ಲಿ ಎರಡೂ ಮುಖ ಉಜ್ಜಿ, ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಪೂರ್ತಿ ತೆಗೆದು, ಮತ್ತೆ ಕೂರಿಸಿ ಹೊಸ ಪ್ಯಾಡ್ ಹಾಕಿ ನೋಡಬಹುದು.

ಲೇತಿಗೆ ಹಾಕಿಸಿ ಸಪಾಟು ಮಾಡಿಸೋಣ ಅನ್ನುವವರು ಸಿಗುತ್ತಾರೆ. ಅಗ್ಗ ನಿಜ. ಆದರೆ ಕೆತ್ತಿದಷ್ಟೂ ಡಿಸ್ಕ್ ತೆಳುವಾಗುತ್ತದೆ, ತೆಳುವಾದ ಡಿಸ್ಕ್ ಬೇಗ ಬಿಸಿಯಾಗುತ್ತದೆ. ಲೇತಿನಲ್ಲಿ ಡಿಸ್ಕ್ ಕೂರಿಸುವುದು ಸ್ವಲ್ಪ ಸೊಟ್ಟ ಆದರೂ ನಡುಕ ಮೊದಲಿಗಿಂತ ಜಾಸ್ತಿ ಆಗಿ ಬರುತ್ತದೆ. ಮೈಸೂರಿನಲ್ಲೇ ಓಡಾಡುವ ಗಾಡಿಗೆ ನಡೆಯಬಹುದು. ಸಂಪಾಜೆ, ಮಾಕುಟ್ಟ ಅಂತ ಇಳಿಯುವ ಗಾಡಿಗೆ ನಾನು ಮಾಡಿಸುವುದಿಲ್ಲ.

ನೀವೇ ಹಾಕುವುದಾದರೆ

ಬದಲಿಸಬೇಕು ಅಂತ ತೀರ್ಮಾನ ಆದರೆ ಎಡ ಬಲ ಎರಡೂ ಕಡೆ ಒಟ್ಟಿಗೆ ಬದಲಿಸಿ, ಆದರೆ ಬಿಚ್ಚುವುದು ಒಂದೊಂದೇ ಕಡೆ. ಗೊಂದಲ ಆದರೆ ಇನ್ನೊಂದು ಕಡೆ ನೋಡಿಕೊಳ್ಳಬಹುದು. ಬಿಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ಇಡೀ ದಿನ ಬಿಡುವಿರುವಾಗ ಶುರು ಮಾಡಿ, ಸಂಜೆ ಕತ್ತಲಲ್ಲಿ ಗಡಿಬಿಡಿ ಬೇಡ.

ವಿಡಿಯೊಗಳಲ್ಲಿ ಬೋಲ್ಟ್ ಬಿಚ್ಚುವುದನ್ನು ಚೆನ್ನಾಗಿಯೇ ತೋರಿಸುತ್ತಾರೆ. ನಾನು ಹೇಳುವುದು ಅವುಗಳಲ್ಲಿ ಎರಡು ಸೆಕೆಂಡಿನಲ್ಲಿ ಹಾರಿಸಿಬಿಡುವ ಭಾಗ.

ಬಿಚ್ಚಿದ ಕ್ಯಾಲಿಪರನ್ನು ಹೋಸಿನಲ್ಲಿ ನೇತು ಬಿಡಬೇಡಿ. ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಹೋಸಿನ ಒಳಪದರ ಹರಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪಕ್ಕದಲ್ಲೇ ಅದರ ಸೆನ್ಸರ್ ವೈರ್ ಇರುತ್ತದೆ, ಅದನ್ನು ಎಳೆಯಬೇಡಿ. ಹೊಸ ದಪ್ಪ ಪ್ಯಾಡ್ ಕೂರಲು ಪಿಸ್ಟನ್ ಒಳಗೆ ತಳ್ಳಬೇಕು. ಆಗ ಡಬ್ಬಿಯಲ್ಲಿ ಆಯಿಲ್ ಮೇಲೆ ಬಂದು ಚೆಲ್ಲುತ್ತದೆ. ಮೊದಲೇ ಸಿರಿಂಜಿನಲ್ಲಿ ಸ್ವಲ್ಪ ತೆಗೆದುಬಿಡಿ. ಬ್ರೇಕ್ ಆಯಿಲ್ ಬಣ್ಣ ಕೀಳುತ್ತದೆ, ಬಿದ್ದರೆ ತಕ್ಷಣ ನೀರು ಹಾಕಿ. ಕಣದ ಮೇಲೆ ಬಿದ್ದರೂ ಅಷ್ಟೇ, ಸೋಪು ಹಾಕಿ ತೊಳೆಯಿರಿ, ಮುಂದೆ ಅಲ್ಲೇ ಕಾಫಿ ಹರಡುತ್ತೀರಲ್ಲ. ಪಿಸ್ಟನ್ನಿಗೆ ಹಳೆಯ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲಾಂಪಿನಲ್ಲಿ ನಿಧಾನಕ್ಕೆ ಒತ್ತಿ. ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಲ ಹಾಕಬೇಡಿ, ಅಲ್ಲಿಗೆ ಮನೆ ಕೆಲಸ ಮುಗಿಯಿತು, ಗ್ಯಾರೇಜಿನ ಕೆಲಸ ಶುರು.

ಡಿಸ್ಕ್ ತೆಗೆಯಲು ಸುತ್ತಿಗೆ ಹಿಡಿಯುವ ಮೊದಲು ಅದರಲ್ಲಿ ಥ್ರೆಡ್ ಇರುವ ಎರಡು ಸಣ್ಣ ತೂತು ಇದೆಯಾ ನೋಡಿ. ಇದ್ದರೆ ಸರಿಯಾದ ಅಳತೆಯ ಎರಡು ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ತಿರುಗಿಸಿ, ಡಿಸ್ಕ್ ತಾನಾಗಿ ಹಬ್ಬಿನಿಂದ ಬಿಡುತ್ತದೆ. ಸುತ್ತಿಗೆ ಏಟು ಹಬ್ಬಿನ ಬೇರಿಂಗಿಗೆ ಬೀಳುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚಿರುತ್ತಾರೆ. ಬ್ರೇಕ್ ಕ್ಲೀನರ್ ಹಾಕಿ ಒರೆಸದಿದ್ದರೆ ಹೊಸ ಪ್ಯಾಡ್ ಆ ಎಣ್ಣೆ ಕುಡಿದು ಮೊದಲ ದಿನವೇ ಹಾಳು. ಪ್ಯಾಡಿನ ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರ್‌ನಲ್ಲಾಗಲಿ ಊದಬೇಡಿ. ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಿ, ಮುಖಕ್ಕೆ ಮಾಸ್ಕ್ ಇರಲಿ. ಅಗ್ಗದ ಪ್ಯಾಡಿನೊಳಗೆ ಏನಿದೆ ಅಂತ ನೋಡಿ ಹೇಳಲು ಆಗುವುದಿಲ್ಲ.

ಕ್ಯಾಲಿಪರ್ ಬ್ರಾಕೆಟ್ಟಿನ ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿ ಮಾಡಬೇಡಿ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರದ್ದಾದರೂ ತನ್ನಿ, ಎಷ್ಟು ಬಿಗಿ ಅಂತ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಚಕ್ರದ ನಟ್ಟುಗಳನ್ನೂ ಎದುರುಬದುರು ಲೆಕ್ಕದಲ್ಲಿ ಸಮವಾಗಿ ಬಿಗಿ ಮಾಡಿ. ಒಂದೇ ಕಡೆಯಿಂದ ನಟ್ ಬಿಗಿಯುವ ಗನ್ ಹಿಡಿದು ಬಿಗಿದರೆ ಹೊಸ ಡಿಸ್ಕ್ ಕೂಡ ಸೊಟ್ಟ ಕೂರುತ್ತದೆ, ಕೆಲವು ತಿಂಗಳಲ್ಲಿ ನಡುಕ ವಾಪಸ್.

ಎಲ್ಲ ಮುಗಿದ ಮೇಲೆ, ಗಾಡಿ ಒಂದು ಅಡಿಯೂ ಅಲ್ಲಾಡುವ ಮೊದಲು, ಪೆಡಲ್ ಗಟ್ಟಿ ಆಗುವ ತನಕ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಕೆಲವು ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕ್ ಇರುವುದೇ ಇಲ್ಲ. ನಿಮ್ಮ ಅಂಗಳ ಇಳಿಜಾರು ಅಂತ ಬರೆದಿದ್ದೀರಿ. ಮನೆಯಲ್ಲಿ ಬ್ರೇಕ್ ಕೆಲಸ ಮಾಡಿದವರು ಗಾಡಿ ಗೋಡೆಗೆ ಗುದ್ದುವುದು ಹೆಚ್ಚಾಗಿ ಈ ಹೊತ್ತಿನಲ್ಲೇ.

ಹೊಸ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಬೇಕು. ಗದ್ದೆ ಬಯಲಿನ ನೇರ ರಸ್ತೆಯಲ್ಲೋ ಕುಶಾಲನಗರದ ಕಡೆಯೋ ಬೆಳಿಗ್ಗೆ ಬೇಗ ಹೋಗಿ. 60ರ ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ದೂರ ಓಡಿಸಿ ಆರಲು ಬಿಡಿ, ಮತ್ತೆ ಹಾಗೇ ಮಾಡಿ. ಎಂಟು ಹತ್ತು ಸಲ ಸಾಕು. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಘಾಟಿ ಬೇಡ.

ಆಯಿಲ್ ಬದಲಿಸುವುದು

ಇದನ್ನು ಮಾತ್ರ ಗ್ಯಾರೇಜಿನಲ್ಲಿ ಮಾಡಿಸಿ ಅಂತ ನನ್ನ ಸಲಹೆ. ಮನೆಯಲ್ಲಿ ಮಾಡಲು ಆಗುವುದೇ ಇಲ್ಲ ಅಂತಲ್ಲ. ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚಿ ಮುಚ್ಚಬೇಕು. 'ಒತ್ತಿ', 'ಹಿಡ್ಕೊಳ್ಳಿ', 'ಬಿಡಿ' ಈ ಮೂರು ಮಾತು ಒಮ್ಮೆ ಆಚೀಚೆ ಆದರೆ ಲೈನಿಗೆ ಗಾಳಿ ಹೋಗುತ್ತದೆ. ಡಬ್ಬಿ ಖಾಲಿಯಾಗಲು ಬಿಟ್ಟರೆ ಎಬಿಎಸ್ ಬ್ಲಾಕಿಗೂ ಗಾಳಿ ಸೇರಿಕೊಳ್ಳುತ್ತದೆ, ಆಮೇಲೆ ಅದನ್ನು ತೆಗೆಯಲು ಸ್ಕ್ಯಾನರ್ ಬೇಕಾಗಬಹುದು. ಹಳೆಯ ಗಾಡಿಯಲ್ಲಿ ಪೆಡಲನ್ನು ನೆಲದ ತನಕ ಒತ್ತಿದರೆ, ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್, ಎಂದೂ ಹೋಗದ ತುಕ್ಕು ಜಾಗಕ್ಕೆ ಹೋಗಿ ಹರಿಯುವುದೂ ಇದೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟುಕೊಳ್ಳುವುದು ಅದಕ್ಕೇ.

ಗ್ಯಾರೇಜಿನಲ್ಲಿ ಮಾಡಿಸುವಾಗ ಎದುರಿಗೇ ನಿಂತುಕೊಳ್ಳಿ. ಡಬ್ಬಿಯಲ್ಲಿದ್ದುದನ್ನು ಮಾತ್ರ ಹೀರಿ ಹೊಸದು ತುಂಬಿ ಕಳಿಸುವವರಿದ್ದಾರೆ. ಬಿಸಿಯಾಗಿ ಕುದಿಯುವುದು ಕ್ಯಾಲಿಪರ್ ಒಳಗಿನ ಆಯಿಲ್. ನಾಲ್ಕೂ ಚಕ್ರದಿಂದ ಕಂದು ಬಣ್ಣದ ಹಳೆಯ ಆಯಿಲ್ ಹೋಗಿ ತಿಳಿಯಾದ್ದು ಬರುವ ತನಕ ಬಿಡಬೇಕು. ಮುಚ್ಚಳದ ಮೇಲೆ ಯಾವ ಆಯಿಲ್ ಅಂತ ಬರೆದಿರುತ್ತದೆ. ಡಾಟ್ 3 ಅಂತಿದ್ದರೂ ಡಾಟ್ 4 ಹಾಕಬಹುದು. ಡಾಟ್ 5 ಅಂತ ಸಿಲಿಕೋನ್‌ನದ್ದು ಬೇರೆ ಇದೆ, ಅದು ಬೇಡ. ಮೊಹರು ಒಡೆಯದ ಸಣ್ಣ ಡಬ್ಬಿಯನ್ನೇ ಕೊಳ್ಳಿ. ಅಂಗಡಿಯ ಕಪಾಟಿನಲ್ಲಿ ತೆರೆದಿಟ್ಟಿದ್ದು ಆಗಲೇ ಮಡಿಕೇರಿ ಮಂಜು ಕುಡಿದಿರುತ್ತದೆ. ಆಯಿಲ್ ಬದಲಿಸಿದ ಮೇಲೂ ಪೆಡಲ್ ಮೆತ್ತಗಿದ್ದರೆ, ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುತ್ತಾ ಹೋದರೆ, ಅದು ಮಾಸ್ಟರ್ ಸಿಲಿಂಡರ್ ಅಥವಾ ಹೋಸಿನ ತೊಂದರೆ. ಗಾಡಿ ಅಲ್ಲಿಂದ ತೆಗೆಯಬೇಡಿ.

ಘಾಟಿ ಇಳಿಯುವ ರೀತಿ ನಿಮಗೆ ಗೊತ್ತಿಲ್ಲದ್ದೇನಲ್ಲ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯುವುದು. ಇಳಿತ ಶುರುವಾಗುವ ಮೊದಲೇ ಸೆಕೆಂಡ್ ಅಥವಾ ಥರ್ಡ್‌ಗೆ ಹಾಕಿ. ಬ್ರೇಕ್ ಮೇಲೆ ಕಾಲು ಸವರುತ್ತಾ ಹೋಗಬೇಡಿ. ತಿರುವಿನ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಕೆಳಗೆ ತಲುಪಿ ನಿಲ್ಲಿಸುವ ಮೊದಲು ಒಂದೆರಡು ಕಿಲೋಮೀಟರ್ ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ, ಗಾಳಿ ಬಡಿಯಲಿ. ವಾಸನೆ ಬಂದರೆ, ಪೆಡಲ್ ಇಳಿದರೆ, ಗೇರ್ ಇನ್ನೂ ಕೆಳಗೆ ಹಾಕಿ, ಪೆಡಲ್ ಪಂಪ್ ಮಾಡಿ, ಹ್ಯಾಂಡ್ ಬ್ರೇಕ್ ಗುಂಡಿ ಒತ್ತಿಯೇ ಹಿಡಿದು ಸ್ವಲ್ಪ ಸ್ವಲ್ಪ ಎಳೆದು ಪಕ್ಕಕ್ಕೆ ನಿಲ್ಲಿಸಿ. ಪೂರ್ತಿ ಆರುವ ತನಕ ಕಾಯಬೇಕು, ಅರ್ಧ ಗಂಟೆ ಮುಕ್ಕಾಲು ಗಂಟೆ ಆದರೂ ಸರಿ. ಚಕ್ರಕ್ಕೆ ನೀರು ಸುರಿಯಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ.

ಭಾವ ಆನ್‌ಲೈನಿನಲ್ಲಿ ತರಿಸೋಣ ಅಂದಿದ್ದಾರೆ. ತರಿಸಬಹುದು, ಆದರೆ ಬ್ರೇಕಿನ ನಕಲಿ ಮಾಲು ಬೇಕಾದಷ್ಟಿದೆ. ಕಂಪನಿಯ ಅಧಿಕೃತ ಬಿಡಿಭಾಗದ ಅಂಗಡಿಯಿಂದಲೋ ಬಾಷ್, ಬ್ರೆಂಬೊ ತರಹದ ಹೆಸರಿರುವ ಕಂಪನಿಯದ್ದನ್ನು ಬಿಲ್ ಕೊಡುವವರಿಂದಲೋ ತೆಗೆದುಕೊಳ್ಳಿ. ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಗಾಡಿಯ ವರ್ಷ, ಪೆಟ್ರೋಲೋ ಡೀಸೆಲ್ಲೋ ಅನ್ನುವುದನ್ನು ಸರಿಯಾಗಿ ಕೊಡಿ, ಒಂದೇ ಹೆಸರಿನ ಕಾರಿನಲ್ಲೂ ಅಳತೆ ಬೇರೆ ಇರಬಹುದು.

ಹಾಗಾಗಿ ನಿಮ್ಮ ಕೆಲಸದ ಕ್ರಮ ಹೀಗಿರಲಿ: ಈ ವಾರವೇ ಆಯಿಲ್, ಆಮೇಲೆ ಕಣದಲ್ಲಿ ಚಕ್ರ ಬಿಚ್ಚಿ ಪಿನ್ ಮತ್ತು ಪ್ಯಾಡ್ ಪರೀಕ್ಷೆ, ಡಿಸ್ಕ್ ಕೊಳ್ಳುವುದು ಅಳತೆ ನೋಡಿದ ಮೇಲೆ. ಪ್ಯಾಡುಗಳನ್ನು ತೆಗೆದಾಗ ಒಳಗಿನದು, ಹೊರಗಿನದು, ಎಡ, ಬಲ ಅಂತ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ನಾಲ್ಕನ್ನೂ ಸಾಲಾಗಿ ಇಟ್ಟು ಫೋಟೊ ಕಳಿಸಿ. ಡಿಸ್ಕಿನ ಏಳೆಂಟು ಅಳತೆ ಮತ್ತು ಅದರ ಮೇಲೆ ಕೊರೆದ ಸಂಖ್ಯೆಯನ್ನೂ ಬರೆಯಿರಿ. ಒಂಬತ್ತು ಸಾವಿರ ಖರ್ಚು ಮಾಡಬೇಕಾ ಬೇಡವಾ ಅಂತ ಆಗ ಹೇಳುತ್ತೇನೆ.